ಕೆಲಸವಿಲ್ಲದವರ ಅವಸರ

ಬ್ಯಾಂಕುಗಳು ಮುಳುಗಿದ ಆ ವರ್ಷ ಕೆಂಡಲ್ ಪಾರ್ಕಿನ ನಮ್ಮ ಬೀದಿಯಲ್ಲಿ ಗಂಡಸರೆಲ್ಲ ಹಗಲುಹೊತ್ತೇ ಮನೆಯಲ್ಲಿ ಸಿಗುತ್ತಿದ್ದರು. ನಸುಕಿನಲ್ಲೆದ್ದು ಬಸ್ಸು ಹಿಡಿದು ಮ್ಯಾನ್‌ಹಟನ್‌ಗೆ ಕಮ್ಯೂಟ್ ಮಾಡುತ್ತಿದ್ದ ನನ್ನ ಯಜಮಾನರು ಈಗ ಪೈಜಾಮದಲ್ಲಿ ನಿಂತು, ನಾನು ಡಿಶ್‌ವಾಷರ್‌ಗೆ ಪಾತ್ರೆ ಜೋಡಿಸುವ ಮೆಥಡ್ ಸರಿಯಿಲ್ಲ ಎನ್ನತೊಡಗಿದರು. ಎದುರುಮನೆಯ ದಾವಣಗೆರೆಯವರನ್ನು ಪಕ್ಕದೂರು ಕ್ರ್ಯಾನ್‌ಬರಿಯ ಔಷಧಿ ಕಂಪನಿ ಕೆಲಸ ಬಿಡಿಸಿ ಮನೆಗೆ ಕಳಿಸಿತ್ತು. ಮೂಲೆಮನೆಯ ಉಡುಪಿಯವರ ಹೋಟೆಲು ಮುಚ್ಚಿತ್ತು. ಊರಿಗಾದರೂ ಹೋಗಿಬರೋಣವೆಂದು ಮೂರೂ ಜೋಡಿ ಹೊರಟೆವು. ಬ್ಯಾಂಕಾಕ್ ಮೇಲೆ ಹೋದರೆ ಟಿಕೆಟ್ ಅಗ್ಗ.

ಬ್ಯಾಂಕಾಕ್ ಅಂದಕೂಡಲೇ ನನ್ನ ಮನಸ್ಸು ಕುಣಿಯಿತು. ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್, ಆ ನಗರದ ಹೊರಗಿನ ಹಳ್ಳಿಯೊಂದರಲ್ಲಿ, ವಯಸ್ಸಾದ ನನ್ಸ್‌ಗಾಗಿ ಇರುವ ಮನೆಯಲ್ಲಿದ್ದಾರೆ ಎಂದು ಹಳೆಯ ಕ್ಲಾಸ್‌ಮೇಟ್ ಫೋನಿನಲ್ಲಿ ಹೇಳಿದ್ದಳು. ಎಸ್ಸೆಸ್ಸೆಲ್ಸಿ ಆಯಿತು, ಇನ್ನು ಹುಡುಗಿಗೆ ಓದು ಸಾಕು ಎಂದು ಅಪ್ಪ ತೀರ್ಮಾನಿಸಿದಾಗ, ಬಿಳಿ ಹ್ಯಾಬಿಟ್ ತೊಟ್ಟ ಈಕೆ ನಮ್ಮ ಮನೆ ಜಗಲಿಯಲ್ಲಿ ಬಂದು ಕೂತವರು, ಅಪ್ಪ ‘ಆಗಲಿ’ ಅನ್ನುವ ತನಕ ಏಳಲಿಲ್ಲ. ಕೊಟ್ಟ ಕಾಫಿಯನ್ನೂ ಮುಟ್ಟಲಿಲ್ಲ. ಸಿಸ್ಟರ್, ನಾನು ಎಂ.ಎ. ಮಾಡಿದೆ, ಐ ಫಿನಿಶ್ಡ್ ಎಂದು ಅವರ ಮುಂದೆ ನಿಂತು ಹೇಳಬೇಕಿತ್ತು. ಅಷ್ಟೇ.

ಒಂದು ದಿನದ ಹಳ್ಳಿ ಟೂರಿನ ದಾರಿ ಆ ಮನೆಯ ಮುಂದೆಯೇ ಹೋಗುತ್ತಿತ್ತು. ಗೈಡ್ ಹುಡುಗಿ ‘ಶ್ಯೂರ್ ಮೇಡಂ, ವಿ ಸ್ಟಾಪ್’ ಎಂದಿದ್ದಳು. ಎಲ್ಲರೂ ಒಪ್ಪಿದ್ದರು.

ಬೆಳಿಗ್ಗೆ ಕಾಲುವೆಯ ದೋಣಿ, ಆಮೇಲೆ ತೆಂಗಿನ ತೋಟದಲ್ಲಿ ಬೆಲ್ಲ ಕಾಯಿಸುವ ಮನೆ. ಆ ಮನೆಯಾಕೆ ನಮಗೆಂದೇ ವೆಜಿಟೇರಿಯನ್ ಅಡುಗೆ ಮಾಡಿ ಬಾಳೆಲೆಯಲ್ಲಿ ಬಡಿಸಿದಳು. ನಮ್ಮವರೆಲ್ಲ ಮೂಸಿ ನೋಡಿದರು.

“ಇದ್ರಾಗ ಫಿಶ್ ಸಾಸ್ ಐತೇನು ಕೇಳ್ರೀ,” ಎಂದರು ದಾವಣಗೆರೆಯವರು.

“ನೋ ಫಿಶ್, ನೋ ಫಿಶ್,” ಎಂದು ಆಕೆ ಅಡುಗೆಮನೆಯಿಂದ ಸೋಯಾ ಬಾಟಲಿಯನ್ನೇ ತಂದು ತೋರಿಸಿದಳು. “ಲೇಬಲ್ ಥಾಯ್‌ನಲ್ಲಿದೆ ಮಾರಾಯ್ರೆ, ಯಾರಿಗೆ ಗೊತ್ತು?” ಎಂದರು ಉಡುಪಿಯವರು. ಕೊನೆಗೆ ಬ್ಯಾಗಿನಿಂದ ಪುಳಿಯೋಗರೆ ಡಬ್ಬ, ಬ್ರೆಡ್ಡು, ಚಟ್ನಿಪುಡಿ ಹೊರಬಂದವು. ಆಕೆಯ ಕಣ್ಣೆದುರೇ, ಆಕೆಯ ಎಲೆಯನ್ನು ಪಕ್ಕಕ್ಕೆ ಸರಿಸಿ ತಿಂದರು. ನಾನು ಎಲೆಯದನ್ನೇ ತಿಂದೆ. ರುಚಿಯಾಗಿತ್ತು.

ಈ ಗಲಾಟೆಯಲ್ಲಿ ತಡವಾಗಿ, ನಾವು ಸಿಸ್ಟರ್ ಇದ್ದ ಮನೆಯ ಗೇಟು ಮುಟ್ಟುವ ಹೊತ್ತಿಗೆ ಪ್ರೇಯರ್ ಶುರುವಾಗಿತ್ತು. ಬಾಗಿಲಿಗೆ ಬಂದ ಚಿಕ್ಕ ಸಿಸ್ಟರ್ ಇಂಗ್ಲಿಷಿನಲ್ಲಿ, “ಈಗಷ್ಟೇ ಅವರನ್ನು ಚ್ಯಾಪೆಲ್‌ಗೆ ಕರೆದುಕೊಂಡು ಹೋದರು. ಅರ್ಧ ಗಂಟೆ ಕೂತಿರಿ, ಶಿ ವಿಲ್ ಬಿ ಸೋ ಹ್ಯಾಪಿ,” ಎಂದಳು. ನಾನು ವ್ಯಾನಿಗೆ ಓಡಿಬಂದು ಹೇಳಿದೆ.

“ಅರ್ಧ ಗಂಟೆನಾ!” ಎಂದರು ನನ್ನ ಯಜಮಾನರು, ವಾಚು ನೋಡುತ್ತ. “ಟ್ರಾಫಿಕ್ ಗೊತ್ತಾ ನಿನಗೆ?”

“ಬಫೆ ಮಿಸ್ ಆಗ್ತೈತಿ ಅಕ್ಕಾರ,” ಎಂದರು ದಾವಣಗೆರೆಯವರು. ಸಂಜೆಗೆ ಇಂಡಿಯನ್ ರೆಸ್ಟೋರೆಂಟಿನಲ್ಲಿ ಊಟ ಎಂದು ಬೆಳಿಗ್ಗೆಯೇ ಮಾತಾಗಿತ್ತು.

ಗೈಡ್ ಹುಡುಗಿ “ವಿ ಕ್ಯಾನ್ ವೇಟ್, ಮೇಡಂ” ಎಂದಳು. ಡ್ರೈವರೂ ತಲೆಯಾಡಿಸಿದ.

ನನಗೆ ತಡೆಯಲಾಗಲಿಲ್ಲ. “ಯಾಕಿಷ್ಟು ಅರ್ಜೆಂಟು? ನಾಳೆ ಬೆಳಿಗ್ಗೆ ನಿಮ್ಮಲ್ಲಿ ಯಾರಿಗಾದರೂ ಆಫೀಸಿದೆಯಾ?” ಎಂದೆ.

ಆ ವರ್ಷ ನಮ್ಮ ಜನ ಒಬ್ಬರನ್ನೊಬ್ಬರು ಕೇಳದೆ ಬಿಟ್ಟಿದ್ದ ಮಾತು ಅದೊಂದೇ.

ದಾವಣಗೆರೆಯವರು ನಮ್ಮ ಕನ್ನಡ ಸಂಘದ ಮಾಜಿ ಅಧ್ಯಕ್ಷರು. ಗಂಟಲು ಸರಿಮಾಡಿಕೊಂಡು, “ಹಂಗಾರ ಡೆಮಾಕ್ರಟಿಕ್ ಆಗಿ ವೋಟ್ ಮಾಡೋಣು, ಹೊರಡೋಣು ಅನ್ನೋರು ಕೈ ಎತ್ರಿ,” ಎಂದರು. ಯುಗಾದಿ ಊಟಕ್ಕೆ ಒಬ್ಬಟ್ಟೋ ಜಾಮೂನೋ ಎಂದು ತೀರ್ಮಾನಿಸುವಂತೆ. ಉಡುಪಿಯಾಕೆ ನನ್ನ ಮುಖ ನೋಡಿ, ಗಂಡನ ಮುಖ ನೋಡಿ, ಕೈಯನ್ನು ಭುಜದವರೆಗೆ ಎತ್ತಿದಳು. ನನ್ನ ಯಜಮಾನರ ಕೈ ಎಲ್ಲರಿಗಿಂತ ಮೊದಲೇ ಮೇಲಿತ್ತು. ನಮ್ಮ ಕಡೆಯ ಹೈವೇ ರೂಟ್ ಒನ್‌ನಲ್ಲಿ ಬಸ್ಸು ನಿಲ್ಲಿಸುವಾಗ ಎತ್ತುತ್ತಾರಲ್ಲ, ಹಾಗೆ, ನೆಟ್ಟಗೆ. ಪಾಸ್‌ಪೋರ್ಟೂ ದುಡ್ಡೂ ಅವರ ಸೊಂಟದ ಪೌಚಿನಲ್ಲಿದ್ದವು. ನಾನು ಹತ್ತಿ ಕೂತೆ.

ಹೈವೇ ಸೇರುವ ಮುಂಚೆಯೇ ಗಂಡಸರು ಗೊರಕೆ ಹೊಡೆದರು. ಟ್ರಾಫಿಕ್ ಇರಲಿಲ್ಲ. ರೆಸ್ಟೋರೆಂಟಿನ ಬಾಗಿಲು ಇನ್ನೂ ತೆರೆದಿರಲಿಲ್ಲ. ಫುಟ್‌ಪಾತಿನಲ್ಲಿ ನಿಂತು ಗಾಜಿನೊಳಗಿನ ಮೆನು ಓದುತ್ತ ಕಾದೆವು. “ಸೀ, ವಿ ಆರ್ ಅರ್ಲಿ,” ಎಂದರು ನನ್ನ ಯಜಮಾನರು. ಗೆದ್ದವರ ದನಿ.

ಕೆಂಡಲ್ ಪಾರ್ಕಿನ ಪಾಟ್‌ಲಕ್ ಊಟಗಳಲ್ಲಿ ಈಗಲೂ ಆ ಟ್ರಿಪ್ಪಿನ ಮಾತು ಬಂದರೆ ಫಿಶ್ ಸಾಸಿನ ಜೋಕೇ. ಮುಂದಿನ ಸಲ ಹೋಗೋಣ ಬಿಡಿ ಆಂಟಿ ಎಂದು ಕಿರಿಯರು ಅಂದದ್ದೂ ಉಂಟು. ಅಷ್ಟರಲ್ಲಿ ಸಿಸ್ಟರ್ ತೀರಿಹೋಗಿದ್ದರು.

ಅವತ್ತು ಚ್ಯಾಪೆಲ್‌ನಿಂದ ಹೊರಬಂದ ಸಿಸ್ಟರ್‌ಗೆ, ಇಂಡಿಯಾದ ಯಾರೋ ಹಳೆಯ ಸ್ಟೂಡೆಂಟ್ ಬಂದಿದ್ದಳು ಎಂದು ಹೇಳಿರುತ್ತಾರೆ. ಯಾರು ಎಂದು ಕೇಳಿರುತ್ತಾರೆ. ಗೇಟಿನಲ್ಲಿ ನಾನು ಹೆಸರು ಹೇಳಿರಲಿಲ್ಲ. ಎದುರಿಗೆ ನಿಂತು ನಾನೇ ಹೇಳೋಣವೆಂದುಕೊಂಡಿದ್ದೆ.