ಚಕ್ರಕ್ಕೆ ಹಚ್ಚಿದ ಎಣ್ಣೆ

ಚಕ್ರಕ್ಕೆ ಎಣ್ಣೆ ಹಚ್ಚಿದವನು ನನ್ನ ಮಗ. ಎಣ್ಣೆಯ ಬಟ್ಟಲು ಅವನ ಕೈಗೆ ಕೊಟ್ಟವಳು ನಾನು. ಬಿದ್ದು ಮೊಣಕಾಲು ಸುಲಿದುಕೊಂಡವಳು, ಅದರ ಮೇಲೆ ಊರವರ ಬಾಯಿಗೂ ಬಿದ್ದವಳು ಮೊಮ್ಮಗಳು. ನಡೆದದ್ದು ಇಷ್ಟೇ. ದೃಷ್ಟಿ ತಾಗಿತು, ಹೆಣ್ಣಿನ ಕೈಯ ಗಾಡಿ ಕೈಕೊಟ್ಟಿತು ಎಂದು ಯಾರು ಹೇಳಿದರೂ ಅದು ಸುಳ್ಳು. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಒಂದು ಸಾಲು ಬರೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಆದರೂ ಈ ಸುಳ್ಳು ನನಗಿಂತ ಹೆಚ್ಚು ದಿನ ಬದುಕಬಾರದು ಎಂದು ಬರೆಯಲು ಕೂತಿದ್ದೇನೆ.

ಮೊಮ್ಮಗಳು ಎಂದರೆ ಮಗನ ಮಗಳು. ಹುಮನಾಬಾದಿನಲ್ಲಿ ಐಟಿಐ ಓದಿ ಫಿಟ್ಟರ್ ಆದವಳು. ಅವಳನ್ನು ಹೊಗಳುವ ಚಟ ನನಗಿಲ್ಲ. ಉಂಡ ತಾಟು ಎತ್ತುವುದಿಲ್ಲ. ಮೂರು ಸಲ ಕೂಗಿದರೆ ಒಂದು ಸಲ ಓ ಅನ್ನುತ್ತಾಳೆ. ನಾನು ರೊಟ್ಟಿ ಸುಡುವ ಇಕ್ಕಳ ಒಯ್ದು ಗ್ರೀಸಿನ ಡಬ್ಬಿಯಲ್ಲಿ ಅದ್ದಿದವಳು. ಆದರೆ ಯಂತ್ರದ ಮುಂದೆ ಕೂತಳು ಎಂದರೆ ಕೆಲಸ ಬಿಟ್ಟು ಏಳುವವಳಲ್ಲ.

ಅವಳಿಗೆ ಹುಮನಾಬಾದಿನ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು, ಪಂಪು ಮೋಟಾರು ದುರಸ್ತಿ ಮಾಡುವುದು. ಬೆಳಗಿನ ಪಾಳಿ. ನಮ್ಮದು ಘಾಟಬೋರಾಳ. ಇಲ್ಲಿಂದ ಹೊರಡುವ ಮೊದಲ ಬಸ್ಸು ಅಲ್ಲಿ ಮುಟ್ಟುವಷ್ಟರಲ್ಲಿ ಕಾರ್ಖಾನೆಯ ಗೇಟು ಹಾಕಿರುತ್ತದೆ. ಜೀಪು ತುಂಬುವ ತನಕ ಹೊರಡುವುದಿಲ್ಲ. ಮೊದಲ ವಾರದಲ್ಲೇ ಎರಡು ದಿನ ಅವಳನ್ನು ಗೇಟಿನಿಂದ ವಾಪಸ್ ಕಳಿಸಿದರು. ಮಗ, "ಬಿಟ್ಟುಬಿಡು, ಮನ್ಯಾಗ ಇರು" ಎಂದ. ಅವಳು ಬಿಡಲಿಲ್ಲ.

ಬಸವಕಲ್ಯಾಣ ನನ್ನ ತವರು. ನನ್ನ ತಮ್ಮನ ಮನೆಯ ಮಾಳಿಗೆಯ ಮೇಲೆ ಒಂದು ಹಳೆಯ ಗೇರ್ ಸೈಕಲ್ ಬಿದ್ದಿತ್ತು, ದಪ್ಪ ಟೈರಿನದು, ಗುಡ್ಡ ಹತ್ತಲಿಕ್ಕೆಂದು ಮಾಡಿದ್ದಂತೆ. ಪಾರಿವಾಳಗಳು ಅದರ ಮೇಲೆ ಹೇತು ಹೇತು ಬಣ್ಣ ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಹುಡುಗಿ ಅದನ್ನು ಕೇಳಿದಳು. ನಮ್ಮ ತೊಗರಿಗೆ ಔಷಧ ಹೊಡೆಯುವ ಬೆನ್ನುಪಂಪಿನ ತೊಟ್ಟಿ ಒಡೆದು ಹೋಗಿತ್ತು, ಇಂಜಿನ್ ಗಟ್ಟಿ ಇತ್ತು. ಆ ಇಂಜಿನ್ನನ್ನು ಚೀಲದಲ್ಲಿ ಹಾಕಿಕೊಂಡು ನಾವಿಬ್ಬರೂ ಬಸವಕಲ್ಯಾಣಕ್ಕೆ ಹೋದೆವು. ಅಲ್ಲಿ ನನ್ನ ತವರಿನ ಓಣಿಯಲ್ಲೇ ಒಬ್ಬ ವೆಲ್ಡಿಂಗ್ ಮಿಸ್ತ್ರಿ ಇದ್ದಾನೆ. ಅವನು ಚಡ್ಡಿ ಇಲ್ಲದೆ ತಿರುಗುತ್ತಿದ್ದಾಗಿನಿಂದ ನನಗೆ ಗೊತ್ತು. ಈಗ ಅವನ ಗಡ್ಡ ಬೆಳ್ಳಗಾಗಿದೆ.

"ಏ ಬೇಟಿ, ಇದರ ಮ್ಯಾಲ ಇಂಜಿನ್ ಕೂಡಿಸಿದ್ರ ಓಡ್ತದೋ, ಹಾರ್ತದೋ?" ಎಂದ.

"ಓಡ್ತದ ಚಾಚಾ. ನೀವು ಪಟ್ಟಿ ಸೀದಾ ಬೆಸುಗಿ ಹಾಕಿದ್ರ."

ಅವನು ನನ್ನ ಕಡೆ ತಿರುಗಿದ. "ಆಪಾ, ಬಾಯಿ ಮಾತ್ರ ಥೇಟ್ ನಿಮ್ದೇ ಅದ ನೋಡ್ರಿ."

"ನನ್ನ ಬಾಯಿ ನನ್ನ ಹತ್ರಾನೇ ಅದ. ನೀ ಬೆಸುಗಿ ನೋಡು" ಎಂದೆ.

ಮೊದಲ ಸಲ ಕಟ್ಟಿದ್ದು ಓಡಿತು, ಎಮ್ಮೆ ಓಡಿದ ಹಾಗೆ. ಸದ್ದು ಇಡೀ ಊರಿಗೆ, ಓಟ ಮಾತ್ರ ನಡೆಯುವವನಿಗಿಂತ ಒಂದು ಹೆಜ್ಜೆ ಮುಂದೆ. ನನಗೆ ಮೈದುನ ಆಗಬೇಕಾದ ಒಬ್ಬ ಮನುಷ್ಯ ನಮ್ಮ ಓಣಿಯಲ್ಲಿದ್ದಾನೆ, ಮನೆ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ ಹೆಸರಿಡುವುದೇ ಅವನ ಕೆಲಸ. ಅವನು ಕೂಗಿ ಕೇಳಿದ: "ಏನವಾ ತಂಗಿ, ಇದಕ್ಕ ಕುಂಟಿ ಕಟ್ಟಿ ಹೊಲದಾಗ ಎಡಿ ಹೊಡೀತಿಯೇನು?"

ಹುಡುಗಿ ಗಾಡಿ ತಳ್ಳಿಕೊಂಡು ಒಳಗೆ ಬಂದಳು. ಅಂಗಳದಲ್ಲಿ ಗೋಣಿ ಹಾಸಿ ಎಲ್ಲ ಬಿಚ್ಚಿದಳು. ಹಿಂದಿನ ಚಕ್ರಕ್ಕೆ ಇದ್ದ ದೊಡ್ಡ ಹಲ್ಲುಚಕ್ರ ತೆಗೆದು ಸಣ್ಣದು ಹಾಕಿದರೆ ಜೋರು ಓಡುತ್ತದೆ ಎಂದಳು. ಆದರೆ ಅದಕ್ಕೆ ಕೈ ಹಾಕುವ ಮೊದಲು ನಾಲ್ಕೂ ಬ್ರೇಕ್ ರಬ್ಬರ್ ಹೊಸದು ಹಾಕಿದಳು, ತಂತಿ ಹೊಸದು ಎಳೆದಳು. ಈ ಸೈಕಲ್ಲಿನ ಬ್ರೇಕು ಚಕ್ರದ ಕಬ್ಬಿಣದ ಬಳೆಯನ್ನೇ ಎರಡೂ ಕಡೆಯಿಂದ ಹಿಡಿದು ನಿಲ್ಲಿಸುತ್ತದೆ.

"ಮದ್ಲ ಓಡಿಸವಾ, ಬ್ರೇಕ್ ಆಮ್ಯಾಲ ನೋಡಿದ್ರಾತು" ಎಂದೆ ನಾನು.

"ನಿಲ್ಲದ ಗಾಡಿ ಓಡಿದ್ರೇನು ಬಂತು ಆಯಿ?" ಎಂದಳು. ಹಿಂದಿನ ಕ್ಯಾರಿಯರ್ ಮೇಲೆ ಜೋಳದ ಚೀಲ ಕಟ್ಟಿ, ಇಳಿಜಾರಿನಲ್ಲಿ ಇಳಿಸಿ ಇಳಿಸಿ ನಿಲ್ಲಿಸಿ ನೋಡಿದಳು. ಅದಾದ ಮೇಲೆ ಹಲ್ಲುಚಕ್ರ ಬದಲಾಯಿಸಿದ್ದು. ಆಮೇಲೆ ಅದು ಓಡಿತು ನೋಡಿ. ಹೊರಡುವಾಗ ನಾಲ್ಕು ಸಲ ಪೆಡಲ್ ತುಳಿಯಬೇಕು, ಇಂಜಿನ್ ಹಿಡಿದ ಮೇಲೆ ಜೀಪನ್ನೂ ಹಿಂದೆ ಹಾಕುತ್ತಿತ್ತು. ದಸರೆಯ ತನಕ ಒಂದು ದಿನವೂ ಅವಳು ಗೇಟಿಗೆ ತಡವಾಗಲಿಲ್ಲ.

ಮಗ ಅದನ್ನು ಮುಟ್ಟಲಿಲ್ಲ. ಕೊಟ್ಟಿಗೆಯಲ್ಲಿ ಅಡ್ಡ ನಿಂತಿದ್ದರೆ ಸುತ್ತಿ ಹೋಗುತ್ತಿದ್ದ, ಸರಿಸುತ್ತಿರಲಿಲ್ಲ.

ಇನ್ನು ಖಂಡೆಪೂಜೆ. ಮಹಾನವಮಿಗೆ ನಮ್ಮ ಮನೆಯಲ್ಲಿ ಕಬ್ಬಿಣ ಎಂಬುದೆಲ್ಲ ಹೊರಗೆ ಬರುತ್ತದೆ: ಕುಡುಗೋಲು, ಕುರ್ಪಿ, ಕೊಡಲಿ, ಕುಂಟೆಯ ಕುಡ. ತೊಳೆದು, ಒರೆಸಿ, ಕುಸುಬಿ ಎಣ್ಣೆ ತಿಕ್ಕಿ, ಆಮೇಲೆ ವಿಭೂತಿ ಕುಂಕುಮ. ಒಣ ಕಬ್ಬಿಣಕ್ಕೆ ನಮ್ಮಲ್ಲಿ ಪೂಜೆ ಇಲ್ಲ. ನನ್ನ ಅತ್ತೆ ಮಾಡಿದ್ದು, ಅವಳ ಅತ್ತೆ ಮಾಡಿದ್ದು. ಆ ದಿನ ಹುಡುಗಿ ಪಾಳಿ ಮುಗಿಸಿ ಬಂದು ಒಳಗೆ ಮಲಗಿದ್ದಳು. ಮಗ ಎಲ್ಲಕ್ಕೂ ಎಣ್ಣೆ ಹಚ್ಚಿ ಮುಗಿಸಿದ. ಸ್ವಲ್ಪ ಹೊತ್ತು ನಿಂತ. ಕೊಟ್ಟಿಗೆಗೆ ಹೋಗಿ ಆ ಸೈಕಲ್ಲನ್ನು ತಾನೇ ಹೊರಗೆ ತಂದ. ತೊಳೆದ. ಕಡ್ಡಿ ಕಡ್ಡಿ ಬಿಡಿಸಿ ಒರೆಸಿದ. ನನಗೆ ಖುಷಿ ಆಯಿತು, ಸುಳ್ಳು ಯಾಕೆ ಹೇಳಲಿ. ಒಳಗೆ ಹೋಗಿ ಬಟ್ಟಲಿಗೆ ಮತ್ತೆ ಎಣ್ಣೆ ಹಾಕಿ ತಂದು ಕೊಟ್ಟೆ. "ಚಕ್ರಕ್ಕೂ ಹಚ್ಚಪಾ, ತುಕ್ಕು ಹಿಡದಾವ" ಎಂದೆ. ಅವನು ಎರಡೂ ಚಕ್ರದ ಬಳೆಗೆ ಸುತ್ತಲೂ ಹಚ್ಚಿದ, ಬೆರಳಿಗೆ ಬಟ್ಟೆ ಸುತ್ತಿಕೊಂಡು. ಹೆಗಲ ಮೇಲೆ ಹೊತ್ತು ತಿರುಗಿದ ಮಗಳಿಗೂ ಅವನು ಅಷ್ಟು ಚೆನ್ನಾಗಿ ಎಣ್ಣೆ ಹಚ್ಚಿರಲಿಲ್ಲ.

ಕಾರ್ಖಾನೆಗೆ ದಸರೆ ಗೊತ್ತಿಲ್ಲ. ಮರುದಿನ ಹುಡುಗಿ ಎಂದಿನಂತೆ ಹೊರಟಳು. ಮನೆಯಿಂದ ಇಳಿಜಾರಿನ ತನಕ ರಸ್ತೆ ಖಾಲಿ, ಬ್ರೇಕ್ ಹಿಡಿಯುವ ಕಾರಣವೇ ಬರಲಿಲ್ಲ. ಇಳಿಜಾರಿನ ಬುಡದಲ್ಲಿ ಯಾರೋ ಅರ್ಧ ರಸ್ತೆಗೆ ಸೋಯಾ ಹರವಿ ಸುತ್ತ ಕಲ್ಲಿಟ್ಟಿದ್ದರು, ಉಳಿದ ಅರ್ಧಕ್ಕೆ ಟ್ರ್ಯಾಕ್ಟರ್ ನಿಂತಿತ್ತು. ಎರಡೂ ಬ್ರೇಕ್ ಹಿಡಿದಳು. ಎಣ್ಣೆ ಸವರಿದ ಹಂಚಿನ ಮೇಲೆ ನೀರು ಜಾರಿದ ಹಾಗೆ ಬ್ರೇಕಿನ ರಬ್ಬರ್ ಜಾರಿತು. ಟ್ರ್ಯಾಕ್ಟರಿಗೆ ಬಡಿಯುವ ಬದಲು ಹೊಲಕ್ಕೆ ತಿರುಗಿಸಿದಳು. ಸೋಯಾ ಹೊಟ್ಟಿನ ರಾಶಿ ಇತ್ತು, ಅದರಲ್ಲಿ ಹೋಗಿ ಬಿದ್ದಳು. ಮೊಣಕೈ, ಮೊಣಕಾಲು ಸುಲಿದವು. ಹ್ಯಾಂಡಲ್ ತಿರುಚಿತು. ತಳ್ಳಿಕೊಂಡು ಮನೆಗೆ ಬಂದಳು. ಪಾಳಿ ತಪ್ಪಿತು. ಕಾರ್ಖಾನೆಗೆ ಆಳು ಒದಗಿಸುವ ಗುತ್ತಿಗೆದಾರ ಫೋನಿನಲ್ಲಿ, ನಾಳೆ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ಇರದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದ.

ಸೈಕಲ್ ಗೋಡೆಗೆ ಒರಗಿಸಿದಾಗ ಚಕ್ರಕ್ಕೆ ಅಂಟಿದ ಹೊಟ್ಟು ಕೀಳಲು ನಾನು ಕೈ ಹಾಕಿದೆ. ಬೆರಳು ಜಾರಿತು. ಮೂಸಿದೆ, ಕುಸುಬಿ. ತಲೆ ಎತ್ತಿ ಮಗನನ್ನು ನೋಡಿದೆ. ಅವನೂ ನನಗಿಂತ ಮೊದಲೇ ಮುಟ್ಟಿ ನೋಡಿದ್ದ, ಬೆರಳನ್ನು ಧೋತರಕ್ಕೆ ಒರೆಸುತ್ತಿದ್ದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಿಂತೆ.

"ನಾ ಮದ್ಲೇ ಹೇಳಿದ್ದೆ" ಎಂದ. "ಇದು ಹೆಣ್ಣುಮಕ್ಕಳ ಕೆಲಸ ಅಲ್ಲ ಅಂತ." ಸೈಕಲ್ಲನ್ನು ಒಯ್ದು ಕೊಟ್ಟಿಗೆಯ ಕಂಬಕ್ಕೆ ಸರಪಳಿ ಹಾಕಿ ಕೀಲಿ ಜಡಿದ.

ಸಂಜೆ ಬನ್ನಿ ಕೊಡಲು ಮಂದಿ ಬಂದರು. ಒಂದು ಕೈಯಲ್ಲಿ ಬನ್ನಿ ಎಲೆ, ಇನ್ನೊಂದು ಕೈಯಲ್ಲಿ ನಮ್ಮ ಹುಡುಗಿಯ ಮಾತು. ಮೈದುನ ಎಲ್ಲರಿಗಿಂತ ಮೊದಲು ಬಂದ. "ಬನ್ನಿ ತಗೊಂಡು ಬಂಗಾರದಂಗ ಇರ್ರಿ ವೈನೀ" ಎಂದು ಕಾಲಿಗೆ ಬಿದ್ದು ಎದ್ದವನೇ, "ಹೆಣ್ಣುಡುಗಿ ಕಟ್ಟಿದ ಬ್ರೇಕ್ ಎಷ್ಟು ದಿನ ತಡದೀತು ಹೇಳ್ರಿ?" ಎಂದ.

ಅವನ ಹೆಂಡತಿ, "ದೃಷ್ಟಿ ಆಗ್ಯಾದ ಯಕ್ಕಾ, ನಿಂಬಿಹಣ್ಣು ಕಟ್ಟಬೇಕಿತ್ತು" ಎಂದಳು.

"ನಿಂಬಿಹಣ್ಣು ಬ್ರೇಕ್ ಹಿಡೀತದೇನು?" ಎಂದೆ. ಅವಳು ಸೆರಗು ಬಾಯಿಗೆ ಹಚ್ಚಿಕೊಂಡಳು.

ಮಗ ಹೊರಸಿನ ಮೇಲೆ ಕೂತು ಎಲ್ಲರಿಗೂ ತಲೆ ಆಡಿಸಿದ. "ನಾಳಿ ಗುಜರಿಗೆ ಹಾಕ್ತೀನಿ ಕಾಕಾ, ಆಕಿ ಕೆಲಸ ಸಾಕು" ಎಂದ. ಹುಡುಗಿ ಬಾಗಿಲ ಒಳಗೆ ಗಾಯಕ್ಕೆ ಅರಿಶಿನ ಮೆತ್ತಿಕೊಂಡು ನಿಂತಿದ್ದಳು. ಕೇಳಿಸಿತು ಅವಳಿಗೆ. ನಾನು ಆಗಲೇ ಅವನ ಕೊರಳಪಟ್ಟಿ ಹಿಡಿಯಬೇಕಿತ್ತು. ಅವನೇ ಹೇಳಲಿ ಎಂದು ಕಾದೆನಲ್ಲ, ಆ ಕಾದದ್ದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ.

ಮಂದಿ ಹೋದ ಮೇಲೆ ಕೇಳಿದೆ. "ಎಣ್ಣಿ ಮಾತು ಯಾಕ ಹೇಳಲಿಲ್ಲೋ?"

"ಮಂದಿ ಮುಂದ ಹ್ಯಾಂಗ ಹೇಳ್ಲಿ ಅವ್ವಾ? ಬ್ರೇಕಿಗಿ ಎಣ್ಣಿ ಹಚ್ಚಿದ ಅಂತ ನಗ್ತಾರ."

"ಆಕೀಗಿ ನಕ್ಕರ ನಡೀತದೇನು?"

ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಹುಡುಗಿ ನನ್ನ ಹತ್ತಿರ ಬಂದು ದನಿ ಇಳಿಸಿ ಹೇಳಿದಳು: "ನನಗ ಹೊಲದಾಗ ಬಿದ್ದಾಗೇ ಗೊತ್ತಾಗ್ಯಾದ ಆಯಿ. ಬಿಡು. ಅಪ್ಪ ಇದನ್ನ ಮುಟ್ಟಿದ್ದು ಅದೊಂದೇ ದಿನ."

ಅವಳಿಗೆ ಕನಿಕರ ಬಂದಿರಬಹುದು. ನನಗೆ ಬರಲಿಲ್ಲ. ಅಪ್ಪ ನಾಚಿಕೆಗೆ ಬಾಯಿ ಮುಚ್ಚಿದ, ಮಗಳು ಅಪ್ಪನ ಮರ್ಯಾದೆಗೆ ಬಾಯಿ ಮುಚ್ಚಿದಳು, ನಡುವೆ ಅವಳ ಕೆಲಸ ಗುಜರಿಗೆ ಹೊರಟಿತ್ತು. ಎಣ್ಣೆ ಹಚ್ಚಿದ್ದು ತಪ್ಪಲ್ಲ, ಅದು ಮರೆವು. ಅಷ್ಟು ಪ್ರೀತಿಯಿಂದ ಹಚ್ಚಿದವನು ಅಷ್ಟೇ ಜೋರಾಗಿ ಹಚ್ಚಿದೆ ಎಂದು ಹೇಳಲಿಕ್ಕೆ ಏನು ರೋಗ?

ಮರುದಿನ ಕೋಳಿ ಕೂಗುವ ಹೊತ್ತಿಗೆ ಎದ್ದೆ. ಮಗ ಆಗಲೇ ಚಹಾದ ಅಂಗಡಿಗೆ ಹೋಗಿದ್ದ. ಗೂಟಕ್ಕೆ ನೇತು ಹಾಕಿದ್ದ ಅವನ ನಿನ್ನೆಯ ಅಂಗಿಯ ಕಿಸೆಯಿಂದ ಕೀಲಿ ತೆಗೆದೆ. ಹುಡುಗಿಯನ್ನು ಎಬ್ಬಿಸಿದೆ, ಅವಳು ಎಚ್ಚರವೇ ಇದ್ದಳು. ನಾನು ಎರಡೂ ಚಕ್ರಕ್ಕೆ ಬೂದಿ ಮತ್ತು ಸೋಪಿನ ಪುಡಿ ಹಾಕಿ, ಪಾತ್ರೆ ತಿಕ್ಕುವ ನಾರಿನಿಂದ ಕೈ ಉರಿಯುವ ತನಕ ತಿಕ್ಕಿದೆ. ಅವಳು ರಬ್ಬರ್ ಬಿಚ್ಚಿ ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿ ಮತ್ತೆ ಕೂಡಿಸಿದಳು, ಹ್ಯಾಂಡಲ್ ಸರಿ ಮಾಡಿದಳು. ಅಂಗಳದಲ್ಲಿ ಮೂರು ಸಲ ಓಡಿಸಿ ಮೂರು ಸಲ ನಿಲ್ಲಿಸಿದಳು. ಗೇಟಿನ ಹೊತ್ತು ಮೀರುವ ಮೊದಲೇ ಹೊರಟು ಹೋದಳು.

ನಾನು ಸೆರಗು ಸಿಕ್ಕಿಸಿಕೊಂಡು ಚಹಾದ ಅಂಗಡಿಗೆ ನಡೆದೆ. ಮೈದುನ, ಇನ್ನೂ ಐದಾರು ಮಂದಿ, ನಡುವೆ ನನ್ನ ಮಗ. ಸೈಕಲ್ ಅವರ ಮುಂದೆಯೇ ಹಾದು ಹೋಗಿತ್ತು.

"ಏನ್ರಿ ವೈನೀ, ಹುಡುಗಿ ಮತ್ತ ಹೊಂಟಳಲ್ಲ? ಇವ ಬ್ಯಾಡಂತ ಕೀಲಿ ಹಾಕ್ಯಾನಂತ" ಎಂದ ಮೈದುನ.

ನಾನು ಅವನನ್ನು ದಾಟಿ ಹೋದೆ. ಮಗನ ಮುಂದೆ ನಿಂತೆ. "ನೀ ಹೇಳ್ತಿಯೋ, ನಾ ಹೇಳ್ಲೋ?"

ಅವನು ಬಸಿಯಲ್ಲಿದ್ದ ಚಹಾ ಕೆಳಗಿಟ್ಟ. ನಾನು ಅಲ್ಲಿಂದ ಕದಲಲಿಲ್ಲ.

"ಆಕಿ ಬ್ರೇಕ್ ಬರಾಬರ್ ಇದ್ವು ಕಾಕಾ" ಎಂದ ಕಡೆಗೆ. "ಪೂಜಾದ ದಿನ ನಾನೇ ಚಕ್ರಕ್ಕ ಎಣ್ಣಿ ಹಚ್ಚಿದ್ದೆ. ಬ್ರೇಕ್ ಹಿಡಿಯೋ ಜಾಗಕ್ಕೇ."

ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು, ಅಂಗಡಿಯವನೂ ನಕ್ಕ. ಮಗನ ಕಿವಿ ಕೆಂಪಾದವು. ನಗಲಿ ಎಂದು ಬಿಟ್ಟೆ. ನನಗೂ ಚಹಾ ಹಾಕಲು ಬಂದರು. ಬೇಡ ಎಂದು ಮನೆಗೆ ಬಂದೆ, ಎಮ್ಮೆ ಇನ್ನೂ ಹಿಂಡಿರಲಿಲ್ಲ.