ತಾರಸಿಯ ಮೇಲೆ ಬರೆದ ದೋಣಿ

ನಿವೃತ್ತಿಯಾದ ಮೇಲೆ ನಾನು ಕೂತಲ್ಲಿ ಕೂರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವಳು. ಕಾವೇರಿಯ ಉಪನದಿಗಳನ್ನು ನಿದ್ದೆಗಣ್ಣಿನಲ್ಲೂ ಒಪ್ಪಿಸುತ್ತಿದ್ದೆ. ಒಂದರ ಮೇಲೂ ದೋಣಿ ನಡೆಸಿರಲಿಲ್ಲ. ಈಗ ಚಂದ್ರಾ ಲೇಔಟಿನ ಮನೆಯಲ್ಲಿ ಬೆಳಗಿನ ಕಾಫಿ ಮುಗಿಯುವುದರೊಳಗೆ ನಾಲ್ಕು ಸಲ ಗೇಟಿನವರೆಗೆ ಹೋಗಿಬರುತ್ತಿದ್ದೆ.

"ಕಾಲಿಗೆ ಚಕ್ರ ಕಟ್ಕೊಂಡಿದೀಯೇನೇ?" ಎಂದು ನಮ್ಮ ಯಜಮಾನರು ಪೇಪರಿನ ಹಿಂದಿನಿಂದಲೇ ಕೇಳುತ್ತಿದ್ದರು.

ದೋಣಿ ಕೊಳ್ಳುತ್ತೇನೆ ಎಂದಾಗ ಅವರು ನಗಲಿಲ್ಲ. ನಕ್ಕಿದ್ದರೆ ಜಗಳ ಆಡಿ ನನಗೆ ಬೇಕಾದ್ದನ್ನು ತಂದುಬಿಡುತ್ತಿದ್ದೆ. "ಇಬ್ರೂ ಹೋಗೋಣ" ಎಂದುಬಿಟ್ಟರು. ಅವರ ಎರಡೂ ಮಂಡಿ ಸವೆದಿವೆ.

ನನಗೆ ಹೋಗಬೇಕಿದ್ದದ್ದು ಹಿನ್ನೀರಿನ ಅಂಚಿಗೆ, ಊರಾಚೆಯ ಕೆರೆಗಳಿಗೆ, ಮೊಳಕಾಲುದ್ದ ನೀರಿರುವ ಕಡೆಗೆ. ಅಲ್ಲಿಗೆ ಚಪ್ಪಟೆ ತಳದ ದೋಣಿಯೇ ಆಗಬೇಕು, ಇಲ್ಲದಿದ್ದರೆ ಕೆಸರಿನಲ್ಲಿ ಕೂತುಬಿಡುತ್ತದೆ. ತೆಪ್ಪದಲ್ಲಿ ಕಾಲು ಮಡಚಿ ಕೂರಬೇಕು, ಅವರಿಗಾಗದು. ಬೆಂಚಿರುವ ಫೈಬರ್ ದೋಣಿಯನ್ನು ಕಾರಿನ ಮೇಲೆ ಎತ್ತಿಡಲು ನಾಲ್ಕು ಜನ ಬೇಕು. ಉಳಿದದ್ದು ಗಾಳಿ ತುಂಬುವ ದೋಣಿ. ಮಡಚಿ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಬಹುದು, ಕಾಲು ಚಾಚಿ ಕೂರಬಹುದು. ಒಬ್ಬರದು ಎಂಟಡಿ, ಇಬ್ಬರದು ಹನ್ನೊಂದಡಿ. ಮೊಬೈಲಿನಲ್ಲಿ ನಾನು ದಿನವೂ ತೆಗೆದು ನೋಡುತ್ತಿದ್ದದ್ದು ಎಂಟಡಿಯದನ್ನು.

"ಕೂತು ನೋಡ್ದೆ ಹೇಗ್ರೀ ತಗೊಳ್ಳೋದು?" ಎಂದು ಒಂದು ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ರಂಗೋಲಿ ಪುಡಿಯಲ್ಲಿ ಹನ್ನೊಂದಡಿಯ ದೋಣಿ ಬರೆದೆ, ಟೇಪು ಹಿಡಿದು, ಅಳತೆಗೆ ಸರಿಯಾಗಿ. ಒಳಗೆ ಎರಡು ಮಣೆ ಹಾಕಿದೆ. ಎದುರು ಮನೆಯಾಕೆ ಬಟ್ಟೆ ಹರವುವುದನ್ನು ಬಿಟ್ಟು, "ಏನ್ ಹಬ್ಬ ಮಿಸ್ ಇವತ್ತು?" ಎಂದರು.

ಯಜಮಾನರು ಗೋಡೆ ಹಿಡಿದು ನಿಧಾನಕ್ಕೆ ಇಳಿದು ಹಿಂದಿನ ಮಣೆಯಲ್ಲಿ ಕೂತರು. ನಾನು ಮುಂದೆ ಕೂತು ಪೊರಕೆಯಲ್ಲಿ ಹುಟ್ಟು ಹಾಕಿದೆ. "ಬಲಕ್ಕೆ ತಗೋ, ಬಲಕ್ಕೆ" ಎಂದು ಅವರು ಮಗುವಿನ ಹಾಗೆ ಖುಷಿಪಟ್ಟರು. ಅವರ ಪಾದ ನನ್ನ ಬೆನ್ನಿಗೆ ಒತ್ತುತ್ತಿತ್ತು. ನನಗಂತೂ ಎದ್ದು ಓಡಿಹೋಗಬೇಕು ಎನ್ನುವಷ್ಟು ಚಡಪಡಿಕೆ.

ಆಮೇಲೆ ಅವರು ಏಳಲು ಹೋದರು. ಆಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಕೊನೆಗೆ ನಾನೇ ಕಂಕುಳಿಗೆ ಕೈಕೊಟ್ಟು ಎತ್ತಬೇಕಾಯಿತು. ಪಂಚೆಗೆಲ್ಲ ಬಿಳಿ ಪುಡಿ ಮೆತ್ತಿ, ದೋಣಿಯ ಒಂದು ಮಗ್ಗುಲು ಅಳಿಸಿಹೋಗಿತ್ತು.

ನೀರಿನ ಟ್ಯಾಂಕಿಗೆ ಒರಗಿ ಸುಧಾರಿಸಿಕೊಂಡು ಹೇಳಿದರು: "ನಿಂಗೊಬ್ಳಿಗೆ ಆಗೋದೇ ತಗೊಂಬಿಡು ಕಣೇ. ನಾನು ದಡದಲ್ಲಿ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ."

ಎರಡು ತಿಂಗಳಿಂದ ನಾನು ಕಾದಿದ್ದದ್ದು ಈ ಮಾತಿಗೇ. ಅದು ಬಂದಾಗ ನಾಚಿಕೆಯಾಯಿತು. ಇನ್ನೊಂದು ಒಬ್ಬಟ್ಟು ಬಡಿಸಲು ಬಂದರೂ ಮೂರು ಸಲ ಬೇಡ ಎನ್ನುವ ಜನ ನಾವು. ಅವತ್ತು ನಾನು ಬಾಯಿಮಾತಿಗೂ ಒಮ್ಮೆ ಬೇಡ ಎನ್ನಲಿಲ್ಲ.