ಬುದ್ಧಗಯೆಯಲ್ಲಿ ವಿಭೂತಿಯ ಗೆರೆ

ಬುದ್ಧಗಯೆಯ ಗುಡಿಯ ಸುತ್ತಲಿನ ಕಲ್ಲುಹಾಸಿನ ಮೇಲೆ ನಮ್ಮತ್ತೆ ಕುಕ್ಕರಗಾಲಲ್ಲಿ ಕೂತು, ವಿಭೂತಿ ಗಟ್ಟಿಯಿಂದ ಗೆರೆ ಎಳೆದೇಬಿಟ್ಟರು. ಅಲ್ಲಿ ಟಿಬೆಟಿನ ಮುದುಕಿಯೊಬ್ಬಳು ಬೋರಲು ಮಲಗಿ, ಕೈಚಾಚಿ ನಮಸ್ಕರಿಸುತ್ತಿದ್ದಳು. ಗೆರೆ ಬಿದ್ದದ್ದು ಸರಿಯಾಗಿ ಆಕೆಯ ಬೆರಳ ತುದಿಗೆ.

ಎಂಬತ್ತರ ದಶಕದಲ್ಲಿ ಸಾಸ್ವೆಹಳ್ಳಿಯಿಂದ ಕಾಶಿ-ಗಯೆಗೆ ಹೊರಟಿದ್ದ ಯಾತ್ರೆಯ ಬಸ್ಸು ನಮ್ಮದು. ಡ್ರೈವರ್ ಆಗಲೇ ಹಾರ್ನ್ ಒತ್ತುತ್ತಿದ್ದ.

"ಅತ್ತೀ, ಇದು ಬೇರೆಯವರ ಗುಡಿ. ಯಾರಾದ್ರೂ ಬೈದಾರು, ಬರ್ರಿ" ಎಂದೆ.

"ದೀಡ ನಮಸ್ಕಾರ ನಂಗೊತ್ತಿಲ್ಲೇನು? ಪಾಪ, ಆಕಿಗೆ ಕಣ್ಣು ಮಂಜು. ಎದ್ದು ಎಲ್ಲಿ ನಿಲ್ಲಬೇಕು ಅಂತ ತಡಕಾಡ್ತಾಳೆ. ಗೆರೆ ಹಾಕಾಕೆ ಒಬ್ರು ಬ್ಯಾಡೇನು? ಬಸ್ಸಿಗೆ ನಿಲ್ಲಾಕೆ ಹೇಳು!"

ನಮ್ಮ ಕಡೆ ಹರಕೆ ಹೊತ್ತವರು ಹೀಗೆ ಮಲಗೆದ್ದು ಗುಡಿ ಸುತ್ತುವಾಗ, ಬೆರಳು ತಾಕಿದಲ್ಲಿ ಇನ್ನೊಬ್ಬರು ಗೆರೆ ಹಾಕುತ್ತಾರೆ. ಎದ್ದವರು ಅಲ್ಲಿ ನಿಂತು ಮತ್ತೆ ಮಲಗುತ್ತಾರೆ. ಆದರೆ ಇದು ನಮ್ಮ ಊರಲ್ಲವಲ್ಲ!

ಮುದುಕಿ ಎದ್ದಳು. ಬಾಗಿ ಗೆರೆಯನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಆಕೆ ಕಾಲ್ಬೆರಳುಗಳನ್ನು ಗೆರೆಗೆ ಹೊಂದಿಸಿ ನಿಂತು, ಮತ್ತೆ ಬೋರಲು ಮಲಗಿದಳು. ಸುತ್ತು ಮುಗಿಯುವವರೆಗೂ ಆಕೆ ಮಲಗಿದಲ್ಲೆಲ್ಲ ಅತ್ತೆ ಗೆರೆ ಹಾಕುತ್ತಾ ಹೋದರು. ವಿಭೂತಿ ಗಟ್ಟಿ ಸವೆದು ಚೂರಾಗಿತ್ತು. ಬಸ್ಸಿನವರ ಬೈಗುಳವೆಲ್ಲ ನನ್ನ ಪಾಲಿಗೆ ಬಂತು.

"ಬುದ್ಧನ ಗುಡಿ ಹೆಂಗೈತೆ?" ಎಂದು ಊರಲ್ಲಿ ಕೇಳಿದವರಿಗೆಲ್ಲ ಅತ್ತೆಯದು ಒಂದೇ ಉತ್ತರ: "ಒಳಗೆ ಹೋಗಾಕೆ ಆಗಲಿಲ್ಲ. ಒಬ್ಬಾಕಿಗೆ ಗೆರೆ ಹಾಕಿ ಬಂದೆ." ಬುದ್ಧನನ್ನು ನಾನೂ ನೋಡಲಿಲ್ಲ. ನೋಡಲಿಲ್ಲವಲ್ಲ ಎಂಬ ಕೊರಗು ಮಾತ್ರ ಇಂದಿಗೂ ಇಲ್ಲ.